ಕಲ್ಲು ಹೊತ್ತವರ ಹೆಸರು ಎಲ್ಲಿ?

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದವು. ಊರಿನಲ್ಲಿ ಜನ ಸೇರಿ ಕಟ್ಟಿದ ಹಾಲ್, ಅದರ ಚರಿತ್ರೆ. ಮುಂಬಯಿ, ಪುಣೆ, ಗೋವಾದಲ್ಲಿರುವ ನಮ್ಮವರಿಗೆ ಊರಿನ ಹಾಲ್ ಅಂದರೆ ಎಷ್ಟು ಹತ್ತಿರದ್ದು ಅಂತ ಈ ಪತ್ರಗಳನ್ನು ಓದುವಾಗ ಗೊತ್ತಾಯಿತು. ನನಗೂ ಇದು ಮನೆಯ ವಿಷಯವೇ. ಅದಕ್ಕೇ ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಪೂರ್ತಿ ಜಾಗವನ್ನು ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮೂರು ಕಾರ್ಕಳದ ಹತ್ತಿರ. ಅಲ್ಲಿನ ಯುವಕ ಮಂಡಲದ ಹಾಲ್ ಅನ್ನು ಹಿಂದೆ ಊರವರು ಶ್ರಮದಾನ ಮಾಡಿ, ಮುಂಬಯಿಯವರು ಹಣ ಕಳಿಸಿ ಕಟ್ಟಿದ್ದು. ಈಗ ಅದನ್ನು ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಸ್ಮರಣ ಸಂಚಿಕೆಗೆ ಹಳೆಯ ಹಾಲ್‌ನ ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನನ್ನ ಕೈಯಲ್ಲಿರುವುದು ಗೋಡೆಯ ಅಮೃತಶಿಲೆ ಹಲಗೆಯ ಒಂದು ಫೋಟೊ ಮಾತ್ರ. ಅದರಲ್ಲಿ ದಾನಿಗಳ ಹೆಸರುಗಳಿವೆ. ಎಲ್ಲಿಂದ ಶುರು ಮಾಡಲಿ?
— ಡೊಂಬಿವಲಿಯ ಓದುಗರು

ಉತ್ತರ: ಹಲಗೆಯಿಂದ ಶುರು ಮಾಡಬೇಡಿ. ಊರಿಗೆ ಹೋಗಿ, ಎಂಬತ್ತು ದಾಟಿದ ಹೆಂಗಸರು ಯಾರಿದ್ದಾರೆ ಅಂತ ವಿಚಾರಿಸಿ, ಅವರ ಜಗಲಿಯಲ್ಲಿ ಕೂತುಕೊಳ್ಳಿ.

ಇದನ್ನು ನಾನು ಗಟ್ಟಿಯಾಗಿ ಹೇಳಲು ಕಾರಣ ಇದೆ. ನಮ್ಮೂರಿನಲ್ಲೂ ಇಂಥದ್ದೇ ಹಾಲ್ ಇತ್ತು. ಅದರ ಹಲಗೆಯಲ್ಲಿ ನನ್ನ ಅಪ್ಪನ ಹೆಸರಿದೆ. ಹೆಸರಿನ ಮುಂದೆ ‘ರೂ. 51’ ಅಂತ ಕೆತ್ತಿದ್ದಾರೆ. ಅಪ್ಪ ಆಗ ಮುಂಬಯಿಯ ಫೋರ್ಟ್‌ನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮೇಜುಗಳ ಮೇಲೆ ಮಲಗುವ ಕಾಲ ಅದು. ಆ ಸಂಬಳದಲ್ಲಿ 51 ರೂಪಾಯಿ ಕೂಡಿಸುವುದು ಸುಮ್ನೆ ಆಗುವ ಮಾತಲ್ಲ. ಅಪ್ಪನ ಹೆಸರು ಅಲ್ಲಿರುವುದು ನನಗೆ ಇವತ್ತಿಗೂ ಹೆಮ್ಮೆ.

ಆದರೆ ಅದೇ ವರ್ಷ ಅಮ್ಮ ಮೂರು ತಿಂಗಳು ಕಲ್ಲು ಹೊತ್ತಿದ್ದಾಳೆ. ಅವಳ ಹೆಸರು ಎಲ್ಲೂ ಇಲ್ಲ.

ನಮ್ಮ ಕಡೆಯ ಮುರಕಲ್ಲು ನಿಮಗೆ ಗೊತ್ತೇ ಇದೆ. ಕಡಿಯುವಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಹಾಗಾಗಿ ಕಡಿದ ಕಲ್ಲನ್ನು ಕೆಲವು ದಿನ ಕೋರೆಯ ಹತ್ತಿರವೇ ಬಿಟ್ಟು ಆಮೇಲೆ ಸಾಗಿಸಬೇಕು. ಕೋರೆ ಇದ್ದದ್ದು ಗುಡ್ಡೆಯ ಆಚೆ. ಗಾಡಿ ಬರುವ ದಾರಿ ಇರಲಿಲ್ಲ. ಕೊಯ್ಲು ಮುಗಿದು ಒಣಗಿದ ಗದ್ದೆಗಳ ಹುಣಿಯ ಮೇಲೆ ಹೆಂಗಸರು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ತಲೆಯ ಮೇಲೆ ಸಿಂಬೆ, ಅದರ ಮೇಲೆ ಒಂದು ಕಲ್ಲು. ಬೆಳದಿಂಗಳು ಇದ್ದ ದಿನ ರಾತ್ರಿ ಊಟದ ಮೇಲೂ ಹೊರುತ್ತಿದ್ದರು, ಬಿಸಿಲಿಗಿಂತ ಅದೇ ಹಿತ ಅಂತ. ನನಗೆ ಆಗ ಹತ್ತು ವರ್ಷ. ಮಣ್ಣು ಕಲಸಲು ಕೊಡಪಾನದಲ್ಲಿ ನೀರು ತರುವುದು ನಮ್ಮ ವಯಸ್ಸಿನ ಮಕ್ಕಳ ಕೆಲಸ. ಗಂಡಸರು ಅಡಿಪಾಯ ತೋಡಿದರು, ಗೋಡೆ ಎಬ್ಬಿಸಿದರು, ಮರ ಕಡಿದು ಹೊತ್ತು ತಂದರು. ಹಂಚಿನ ಕೆಳಗಿನ ಮರದ ಪಕ್ಕಾಸು, ರೀಪಿನ ಕೆಲಸಕ್ಕೆ ಮಾತ್ರ ಸಂಬಳ ಕೊಟ್ಟು ಬಡಗಿಯನ್ನು ಕರೆಸಿದ್ದರು.

ಎಲ್ಲರ ಬಾಯಲ್ಲೂ ಒಂದೇ ಮಾತು. ಪತ್ತನಾಜೆಯ ಒಳಗೆ ಹಂಚು ಹೊದಿಸಬೇಕು. ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು ಹೇಳಬೇಕು. ತುಳುವರ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಮೇ 24-25ರ ಹೊತ್ತಿಗೆ ಬರುತ್ತದೆ. ಅಲ್ಲಿಗೆ ಕೋಲ, ಯಕ್ಷಗಾನದ ತಿರುಗಾಟ ಎಲ್ಲ ನಿಲ್ಲುತ್ತದೆ. ಇನ್ನು ಮಳೆಯ ಲೆಕ್ಕ. ಮಾಡು (ಛಾವಣಿ) ಇಲ್ಲದ ಗೋಡೆಯ ಮೇಲೆ ನಮ್ಮೂರಿನ ಜೂನ್ ಮಳೆ ಸುರಿದರೆ ಮಣ್ಣಿನ ಗಾರೆ ಕರಗಿ, ಮೂರು ತಿಂಗಳ ಕೆಲಸ ಕುಸಿದು ಕೂರುತ್ತದೆ. ಕೊನೆಯ ವಾರ ಹಂಚಿನ ಲಾರಿ ರಸ್ತೆಯ ತುದಿಯಲ್ಲಿ ನಿಂತಿತು. ಅಲ್ಲಿಂದ ಹಾಲ್‌ವರೆಗೆ ಊರಿಗೆ ಊರೇ ಸಾಲು ನಿಂತು ಕೈಯಿಂದ ಕೈಗೆ ಹಂಚು ದಾಟಿಸಿತು. ಆ ಸಾಲಿನಲ್ಲಿ ನಾನೂ ಇದ್ದೆ.

ಹಾಲ್ ಆದದ್ದು ಯಾವ ವರ್ಷ ಅಂತ ಅಮ್ಮನನ್ನು ಕೇಳಿದರೆ ‘ನನಗೆಲ್ಲಿ ಗೊತ್ತು’ ಅನ್ನುತ್ತಿದ್ದಳು. ಒಂದು ದಿನ ಗಂಜಿ ಬಡಿಸುತ್ತಾ ಅವಳೇ ಹೇಳಿದಳು: ‘ಹಂಚು ಹೊದಿಸಿ ಎರಡು ದಿನ ಆಗಿತ್ತು ನೋಡು, ಮೇಷ್ಟ್ರ ಮನೆಯ ರೇಡಿಯೋದಲ್ಲಿ ನೆಹರೂ ತೀರಿಕೊಂಡರು ಅಂತ ಬಂತು.’ ನೆಹರೂ ತೀರಿಕೊಂಡದ್ದು 1964ರ ಮೇ 27. ಅಲ್ಲಿಗೆ ತಾರೀಖೇ ಸಿಕ್ಕಿಬಿಟ್ಟಿತು. ಹಲಗೆಯಲ್ಲಿ 1965 ಅಂತಿದೆ. ಅದು ಉದ್ಘಾಟನೆಯ ವರ್ಷ, ಹಲಗೆ ಹಾಕಿದ ವರ್ಷ. ಕಟ್ಟಿದ ವರ್ಷ ಅಲ್ಲ. ನಿಮ್ಮ ಹಲಗೆಯಲ್ಲೂ ಹೀಗೇ ಇರಬಹುದು.

ಆದ್ದರಿಂದ ಹಿರಿಯರನ್ನು ಯಾವ ವರ್ಷ ಅಂತ ಕೇಳಬೇಡಿ. ಕೆಲಸದ ದಿನ ಏನು ತಿಂದಿರಿ ಅಂತ ಕೇಳಿ. ಗಂಜಿಯ ಅಕ್ಕಿ ಯಾರ ಮನೆಯದು, ನೀರು ಯಾವ ಬಾವಿಯದು, ತೊಲೆಯ ಮರ ಯಾರ ಗುಡ್ಡೆಯಿಂದ ಬಂತು, ಯಾರ ಕಾಲ ಮೇಲೆ ಕಲ್ಲು ಬಿತ್ತು, ಯಾರು ಒಂದು ದಿನವೂ ಬರಲಿಲ್ಲ. ಕೊನೆಯ ಪ್ರಶ್ನೆಗೆ ಎಲ್ಲರೂ ಉತ್ತರ ಕೊಡುತ್ತಾರೆ! ಅದನ್ನು ಅಚ್ಚು ಮಾಡಬೇಡಿ, ಆದರೆ ಕೇಳಿ. ಆ ಸಿಟ್ಟಿನ ಜೊತೆಗೆ ಇನ್ನೂ ಹತ್ತು ಸಂಗತಿ ಹೊರಗೆ ಬರುತ್ತವೆ. ವರ್ಷ ಹಿಡಿಯಲು ಊರಿನವರ ನೆನಪಿನಲ್ಲಿ ಉಳಿದ ಘಟನೆ ಸಾಕು. ಚೀನಾ ಯುದ್ಧ ಅಂದರೆ 1962. ಒಕ್ಕಲುಗಳು ಗೇಣಿಯ ಭೂಮಿಗಾಗಿ ಡಿಕ್ಲರೇಶನ್ (ಅರ್ಜಿ) ಕೊಟ್ಟ ಕಾಲ ಅಂದರೆ 1974ರ ಭೂಸುಧಾರಣೆಯ ನಂತರ. ಮುಂಬಯಿಯಲ್ಲಿ ಮಿಲ್ ಮುಷ್ಕರ ಅಂದರೆ 1982.

ಆಮೇಲೆ ಕಾಗದ ಹುಡುಕಿ. ಹಳೆಯ ಕಾರ್ಯದರ್ಶಿಗಳ ಮನೆಯ ಅಟ್ಟದಲ್ಲಿ ಲೆಕ್ಕದ ಪುಸ್ತಕ ಇರುತ್ತದೆ. ಮನಿಯಾರ್ಡರ್ ಫಾರಮಿನ ಕೆಳಗಿನ ಚೀಟಿಯನ್ನು ಹೆಂಗಸರು ಟ್ರಂಕಿನಲ್ಲಿ ಇಟ್ಟುಕೊಂಡಿರುತ್ತಾರೆ. ಗಂಡ ನಾಲ್ಕು ಸಾಲು ಬರೆಯುತ್ತಿದ್ದದ್ದು ಅದರಲ್ಲೇ ಅಲ್ವಾ? ಅದರ ಮೇಲೆ ಅಂಚೆಯ ಮುದ್ರೆ, ತಾರೀಖು ಇರುತ್ತದೆ. ಅಪ್ಪನ ಒಂದು ಚೀಟಿಯಲ್ಲಿ ‘ಹಾಲ್‌ಗೆ ಇಷ್ಟು, ಮನೆಗೆ ಇಷ್ಟು’ ಅಂತ ಇದೆ. ಹಾಲ್‌ನದೇ ಜಾಸ್ತಿ.

ಮುಂಬಯಿ ಸಮಿತಿ ರಿಜಿಸ್ಟರ್ ಆಗಿತ್ತೇ ಅಂತ ವಿಚಾರಿಸಿ. 1950ರ ಬಾಂಬೆ ಪಬ್ಲಿಕ್ ಟ್ರಸ್ಟ್ಸ್ ಕಾಯಿದೆಯ ಕೆಳಗೆ ನೋಂದಾಯಿಸಿದ್ದರೆ ವರ್ಲಿಯ ಚಾರಿಟಿ ಕಮಿಷನರ್ ಕಚೇರಿಯಲ್ಲಿ ಅದರ ಫೈಲು ಇರಬೇಕು. ಟ್ರಸ್ಟಿಗಳು ಬದಲಾದಾಗ ಅಲ್ಲಿಗೆ ಚೇಂಜ್ ರಿಪೋರ್ಟ್ ಕೊಡಬೇಕಾಗುತ್ತದೆ. ಅವುಗಳನ್ನು ಸಾಲಾಗಿ ಇಟ್ಟರೆ ಯಾವ ಕಾಲಕ್ಕೆ ಯಾರು ಇದ್ದರು ಅನ್ನುವುದು ತಿಳಿಯುತ್ತದೆ. ಊರಿನ ಕಾಗದ ಹುಡುಕುವಾಗ ಒಂದು ವಿಷಯ ನೆನಪಿರಲಿ. ಕಾರ್ಕಳ ಉಡುಪಿ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಅದಕ್ಕೆ ಮೊದಲು ದಕ್ಷಿಣ ಕನ್ನಡ. 1956ರ ನವೆಂಬರ್ 1ಕ್ಕೆ ಮೊದಲಿನದಾದರೆ ಮದ್ರಾಸ್ ರಾಜ್ಯ. ಕಾಗದದ ತಲೆಬರಹ ನೋಡಿ ಗೊಂದಲ ಮಾಡಿಕೊಳ್ಳಬೇಡಿ.

ಜಾಗದ ಕತೆಯನ್ನು ಬಿಡಬೇಡಿ. ಆಗ ಧಣಿಗಳು ‘ಅಲ್ಲಿ ಕಟ್ಟಿಕೊಳ್ಳಿ’ ಅಂದರೆ ಮುಗಿಯಿತು. ಬಾಯಿಮಾತಿಗೆ ಕಾಗದ ಯಾರೂ ಕೇಳುತ್ತಿರಲಿಲ್ಲ. 1974ರ ನಂತರ ಗೇಣಿಯ ಭೂಮಿ ಒಕ್ಕಲುಗಳ ಹೆಸರಿಗೆ ಆಯಿತು. ನಡುವೆ ಇದ್ದ ಹಾಲ್‌ನ ಜಾಗ ಯಾರ ಹೆಸರಿನಲ್ಲಿ ಉಳಿಯಿತು ಅಂತ ಎಷ್ಟೋ ಊರುಗಳಲ್ಲಿ ಯಾರೂ ನೋಡಿಲ್ಲ. ಕೆಡವುವ ಮೊದಲೇ ಪಹಣಿ ತೆಗೆಸಿ ನೋಡಿ. ಚರಿತ್ರೆಗೆ ಅದು ಒಂದು ಪುಟ ಅಷ್ಟೇ, ಹೊಸ ಹಾಲ್ ಕಟ್ಟುವವರಿಗೆ ಅದೇ ಮೊದಲ ಕೆಲಸ.

ಪ್ರಶ್ನೆ: ನಮ್ಮ ತಾಯಿಯ ಊರಿನ ಹಾಲ್‌ನ ಲೆಕ್ಕದ ಪುಸ್ತಕ ಸಿಕ್ಕಿದೆ. ವರ್ಷ ಬರೆದಿಲ್ಲ. ‘7-8-0’, ‘ಅಕ್ಕಿ 2 ಮುಡಿ’, ‘ಹಂಚು 3,000’ ಅಂತೆಲ್ಲ ಇದೆ. ಜೊತೆಗೆ ಒಂದು ರಸೀದಿ, ಅದರಲ್ಲಿ ‘ಮುಂಬಯಿ-19’ ಅಂತ ವಿಳಾಸ. ಇದನ್ನು ಹೇಗೆ ಓದಬೇಕು?
— ಚಿಂಚವಾಡದ ಓದುಗರು

ಉತ್ತರ: ನಿಮ್ಮ ಕೈಗೆ ಬಂದಿರುವುದು ಬಂಗಾರ. ಮೊದಲು ಪ್ರತಿ ಪುಟದ ಫೋಟೊ ತೆಗೆದಿಡಿ.

‘7-8-0’ ಅಂದರೆ ಏಳು ರೂಪಾಯಿ, ಎಂಟಾಣೆ, ಸೊನ್ನೆ ಪೈ. ಹನ್ನೆರಡು ಪೈಗೆ ಒಂದಾಣೆ, ಹದಿನಾರು ಆಣೆಗೆ ಒಂದು ರೂಪಾಯಿ. ಈಗಿನ ಲೆಕ್ಕದಲ್ಲಿ ಏಳೂವರೆ ರೂಪಾಯಿ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ಹಾಗಾಗಿ ಆ ಪುಟ ಹೆಚ್ಚಿನ ಮಟ್ಟಿಗೆ ಅದಕ್ಕಿಂತ ಹಿಂದಿನದು. ಹೆಚ್ಚಿನ ಮಟ್ಟಿಗೆ ಅಂತ ಯಾಕೆ ಹೇಳಿದೆ ಅಂದರೆ, ಹಳೆಯ ರೂಢಿಯವರು ಆಮೇಲೂ ಸ್ವಲ್ಪ ಕಾಲ ಆಣೆಯಲ್ಲೇ ಬರೆಯುತ್ತಿದ್ದರು. ಮುಂದಿನ ಪುಟಗಳಲ್ಲಿ ‘ನ.ಪೈ.’ ಅಂತ ಎಲ್ಲಿ ಶುರುವಾಗುತ್ತದೆ ನೋಡಿ.

ಮುಡಿ ಅಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ. ನಮ್ಮ ಕಡೆ ಒಂದು ಮುಡಿಗೆ 42 ಸೇರು ಲೆಕ್ಕ. ಎರಡು ಮುಡಿ ಅಕ್ಕಿ ಹಾಲ್‌ನ ಖರ್ಚಿನಲ್ಲಿ ಬಂದಿದೆ ಅಂದರೆ ಅದು ಕೆಲಸಗಾರರ ಗಂಜಿಯದೇ ಇರಬೇಕು. ಎಷ್ಟು ಜನ ದುಡಿದರು ಅನ್ನುವುದಕ್ಕೆ ಆ ಸಾಲು ಒಂದು ಸಾಕ್ಷಿ. ಹಂಚಿನ ಲೆಕ್ಕವೂ ಹಾಗೆಯೇ. ನೂರು ಚದರ ಅಡಿ ಮಾಡಿಗೆ ಸುಮಾರು 150 ಮಂಗಳೂರು ಹಂಚು ಬೇಕು. 3,000 ಹಂಚು ಅಂದರೆ 2,000 ಚದರ ಅಡಿಯ ಮಾಡು. ಹೋಗಿ ಅಳೆದು ನೋಡಿ. ಮಾಡು ಅದಕ್ಕಿಂತ ದೊಡ್ಡದಿದ್ದರೆ, ಉಳಿದ ಹಂಚನ್ನು ಯಾರೋ ತಮ್ಮ ಹಳೆ ಮನೆಯಿಂದ ಇಳಿಸಿ ಕೊಟ್ಟಿರಬಹುದು. ಯಾರು ಅಂತ ಊರಿನಲ್ಲಿ ಕೇಳಿ.

‘ಮುಂಬಯಿ-19’ ಮಾಟುಂಗಾ. ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು, ಆಮೇಲೆ ಅದು 400019 ಆಯಿತು. ಹಾಗಾಗಿ ರಸೀದಿ ಹೆಚ್ಚಿನ ಮಟ್ಟಿಗೆ ಅದಕ್ಕಿಂತ ಹಿಂದಿನದು. ರಸೀದಿಯಲ್ಲಿ ಒಂದಾಣೆಯ ರೆವಿನ್ಯೂ ಸ್ಟಾಂಪು ಇದೆಯೇ ಅಂತಲೂ ನೋಡಿ. ಇದ್ದರೆ ಪುಸ್ತಕದ ಕಾಲಕ್ಕೆ ತಾಳೆಯಾಗುತ್ತದೆ. ‘ಮೈಸೂರು ರಾಜ್ಯ’ ಅಂತ ಅಚ್ಚಾಗಿದ್ದರೆ 1973ರ ನವೆಂಬರಿಗಿಂತ ಹಿಂದಿನದು.

ಪ್ರಶ್ನೆ: ನಾನು ವಾಸ್ಕೋದಲ್ಲಿದ್ದೇನೆ. ನಮ್ಮೂರು ಬಾಗಲಕೋಟೆ ಕಡೆ. ಊರಿನ ಸಮಾಜ ಮಂದಿರವನ್ನು ‘ಬ್ಲಾಕಿನವರು ಮಾಡಿಸಿದ್ದು’ ಅಂತ ಅಜ್ಜ ಹೇಳುತ್ತಿದ್ದರು. ಸಮಿತಿಯವರು ಅದನ್ನು ಊರವರ ಶ್ರಮದಾನ ಅಂತ ಬರೆದಿದ್ದಾರೆ. ಯಾವುದು ನಿಜ?
— ವಾಸ್ಕೋ, ಗೋವಾದ ಓದುಗರು

ಉತ್ತರ: ಎರಡೂ ನಿಜ ಇರಬಹುದು. 1952ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಹಳ್ಳಿಗಳನ್ನು ಬ್ಲಾಕುಗಳಾಗಿ ಮಾಡಿದರು, ಗ್ರಾಮಸೇವಕರು ಬಂದರು. ರಸ್ತೆ, ಬಾವಿ, ಶಾಲೆಯ ಕೋಣೆ, ಸಮಾಜ ಮಂದಿರ ಇಂಥವಕ್ಕೆ ಸರ್ಕಾರ ಸ್ವಲ್ಪ ಹಣ ಕೊಡುವುದು, ಊರವರು ಹಣ, ಸಾಮಾನು ಇಲ್ಲವೇ ದುಡಿಮೆಯ ರೂಪದಲ್ಲಿ ತಮ್ಮ ಪಾಲು ಹಾಕುವುದು. ಶ್ರಮದಾನ ಅನ್ನುವ ಮಾತು ಊರೂರಿನ ಬಾಯಿಗೆ ಬಂದದ್ದು ಆ ಕಾಲದಲ್ಲೇ.

ಆದರೆ ಕೂಡಿ ದುಡಿಯುವುದನ್ನು ಸರ್ಕಾರ ಕಲಿಸಬೇಕಾಗಿರಲಿಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಇದನ್ನೇ ಮುಯ್ಯಾಳು ಅನ್ನುತ್ತಾರೆ. ಅದು ಬಹಳ ಹಳೆಯದು.

ಇಲ್ಲಿ ಒಂದು ಸೂಕ್ಷ್ಮ ಇದೆ. ನನಗೆ ಇದು ಬಹಳ ಮುಖ್ಯ. ಸಂಬಳ ಇಲ್ಲದೆ ದುಡಿದವರೆಲ್ಲ ದಾನ ಮಾಡಿದವರಲ್ಲ. ಗೌಡರು ಕರೆ ಕಳಿಸಿದರು, ಒಲ್ಲೆ ಅಂದರೆ ನಾಳೆ ಹೊಲದ ಕೆಲಸ ಸಿಗುವುದಿಲ್ಲ ಅಂತ ಹೆದರಿ ಬಂದವರೂ ಇರುತ್ತಾರೆ. ಅದರ ಹೆಸರು ಬಿಟ್ಟಿ. ಸಂವಿಧಾನದ 23ನೇ ವಿಧಿ ಅದನ್ನು ತಡೆದಿದೆ. ತಡೆದ ಮೇಲೂ ಅದು ಒಂದೇ ದಿನಕ್ಕೆ ನಿಲ್ಲಲಿಲ್ಲ. ನಿಮ್ಮ ಅಜ್ಜನ ಜೊತೆಯವರು ಯಾರಾದರೂ ಇದ್ದರೆ ಇಷ್ಟು ಕೇಳಿ: ಆ ದಿನ ಬರಲು ಆಗುವುದಿಲ್ಲ ಅಂತ ಹೇಳುವ ಹಾಗಿತ್ತೇ? ಹೇಳಿದವರಿಗೆ ಏನಾಯಿತು? ಉತ್ತರ ಬಂದ ಮೇಲೆ ಯಾವ ಪದ ಬಳಸಬೇಕು ಅಂತ ನಿಮಗೇ ತಿಳಿಯುತ್ತದೆ.

ದಿನಗೂಲಿಯ ಮನೆಯವರು ಒಂದು ದಿನ ಶ್ರಮದಾನಕ್ಕೆ ಬಂದರೆ ಆ ದಿನದ ಕೂಲಿ ಹೋಯಿತು. ಹತ್ತು ಎಕರೆ ಇದ್ದವರಿಗೆ ಹಾಗಾಗುವುದಿಲ್ಲ. ಹಲಗೆಯಲ್ಲಿ ರೂಪಾಯಿ ಬರೆಯುವವರು ಈ ಲೆಕ್ಕವನ್ನೂ ಹಾಕಬೇಕಿತ್ತು.

ಪ್ರಶ್ನೆ: ಅಕ್ಕಾ, ನನ್ನ ಗಂಡನ ಊರಿನ ಹಾಲ್ ಕಟ್ಟುವಾಗ ದಲಿತರ ಕಾಲನಿಯವರೂ ದುಡಿದಿದ್ದರು. ಆಮೇಲೆ ಅಲ್ಲಿನ ಮದುವೆ ಊಟಗಳಿಗೆ ಅವರನ್ನು ಒಳಗೆ ಕೂರಿಸುತ್ತಿರಲಿಲ್ಲ ಅಂತ ಅತ್ತೆಯೇ ಹೇಳುತ್ತಾರೆ. ಚರಿತ್ರೆಯಲ್ಲಿ ಬರೆಯೋಣ ಅಂದರೆ ಸಮಿತಿಯವರು ‘ಹಬ್ಬದ ಹೊತ್ತಿನಲ್ಲಿ ಅದೆಲ್ಲ ಯಾಕೆ’ ಅನ್ನುತ್ತಾರೆ. ಏನು ಮಾಡಲಿ?
— ಮುಲುಂಡಿನ ಓದುಗರು

ಉತ್ತರ: ಬರೆಯಿರಿ.

ನೀರು ತರುವ ಮಕ್ಕಳ ಸಾಲಿನಲ್ಲಿ ನನ್ನ ವಯಸ್ಸಿನ ಇನ್ನೊಬ್ಬಳು ಹುಡುಗಿ ಇದ್ದಳು. ಕಲ್ಲು ಕಡಿಯುವವರ ಮಗಳು. ನಾವು ಹತ್ತಿರದ ಬಾವಿಯಿಂದ ತರುತ್ತಿದ್ದೆವು. ಅವಳು ಬಾವಿಯ ಹತ್ತಿರ ಬರುವ ಹಾಗಿರಲಿಲ್ಲ. ಹೊಳೆಯ ಗುಂಡಿಯಿಂದ ತರುತ್ತಿದ್ದಳು. ಅದು ದೂರ. ನಾನು ಮೂರು ಕೊಡ ತರುವಾಗ ಅವಳದು ಒಂದು ಆಗುತ್ತಿತ್ತು. ನಿಧಾನ ಅಂತ ಅವಳಿಗೆ ಬೈಗುಳವೂ ಬೀಳುತ್ತಿತ್ತು. ಎರಡು ನೀರನ್ನೂ ಒಂದೇ ಮಣ್ಣಿಗೆ ಸುರಿದೆವು. ಉದ್ಘಾಟನೆಯ ದಿನ ಅವರ ಮನೆಯವರು ಅಂಗಳದಾಚೆ, ಗೇರುಮರದ ಕೆಳಗೆ ಕೂತಿದ್ದರು. ಅಲ್ಲಿಗೇ ಎಲೆ ಹೋಯಿತು. ನಾನು ಒಳಗಿನಿಂದ ನೋಡಿದೆ. ಏನೂ ಹೇಳಲಿಲ್ಲ. ಅಸ್ಪೃಶ್ಯತೆಯನ್ನು ಅಪರಾಧ ಮಾಡಿದ ಕಾಯಿದೆ 1955ರಲ್ಲೇ ಬಂದಿತ್ತು. ಅಂದರೆ ಅದಾಗಿ ಹತ್ತು ವರ್ಷ. ಮುಂದೆ ಮುಂಬಯಿಯಲ್ಲಿ, ಪಾಲಿಕೆಯ ಕನ್ನಡ ಶಾಲೆಯಲ್ಲಿ, ನಾನು ಮಕ್ಕಳಿಗೆ ಸಂವಿಧಾನದ ಪಾಠ ಮಾಡುವಾಗಲೆಲ್ಲ ಆ ಗೇರುಮರ ಕಣ್ಣಿಗೆ ಬರುತ್ತಿತ್ತು.

ಬರೆಯುವ ಮೊದಲು ಕಾಲನಿಯ ಹಿರಿಯರ ಹತ್ತಿರ ಹೋಗಿ. ಅತ್ತೆಯ ಮಾತು ಮಾತ್ರ ಸಾಲದು. ಅವರು ಏನು ಹೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಇಳಿಸಿ. ಹೆಸರು ಹಾಕಬೇಕೇ ಬೇಡವೇ ಅನ್ನುವುದನ್ನು ಅವರೇ ಹೇಳಲಿ. ಬರೆದದ್ದನ್ನು ಓದಿ ತೋರಿಸಿ. ಅವರು ಬೇಡ ಅಂದರೆ ಬೇಡ. ಸಮಿತಿಯವರು ಬೇಡ ಅಂದರೆ ಮಾತ್ರ ಬಿಡಬೇಡಿ. ಯಾರನ್ನೂ ಬೈಯಬೇಕಾಗಿಲ್ಲ. ಯಾರು ಕಲ್ಲು ಕಡಿದರು, ಯಾರು ಎಲ್ಲಿ ಕೂತರು, ಯಾವಾಗಿನಿಂದ ಎಲ್ಲರೂ ಒಳಗೆ ಕೂರುವಂತಾಯಿತು. ಇಷ್ಟನ್ನು ನೇರವಾಗಿ ಬರೆದರೆ ಸಾಕು. ಮೂರನೆಯದು ನಿಮ್ಮೂರಿನಲ್ಲಿ ಆಗಿದೆಯೇ ಅಂತ ಕೂಡ ನೋಡಿ.

ಪ್ರಶ್ನೆ: ಹಳೆಯ ಹಾಲ್ ಕೆಡವಿದ ಮೇಲೆ ಹಂಚು, ಹಲಗೆ ಏನು ಮಾಡುವುದು? ಹಂಚಿನ ಹಿಂದೆ ಹಳೆಯ ಕಂಪೆನಿಯ ಹೆಸರಿದೆ, ಹಾಲ್ ಅಷ್ಟು ಹಳೆಯದೇ? ದುಡಿದವರ ಹೆಸರನ್ನೂ ಹಾಕೋಣ ಅಂದರೆ ಅರ್ಧ ಜನರ ಹೆಸರೇ ಗೊತ್ತಿಲ್ಲ.
— ಮೀರಾ ರೋಡಿನ ಓದುಗರು

ಉತ್ತರ: ಹಂಚಿನ ಮುದ್ರೆ ನೋಡಿ ಹಾಲ್‌ನ ವಯಸ್ಸು ಹೇಳಲು ಹೋಗಬೇಡಿ. ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆ ಇಸವಿಯನ್ನೇ ಹಂಚಿನ ಮೇಲೆ ಅಚ್ಚು ಹಾಕಿದ್ದೂ ಉಂಟು. ಅದು ಕಾರ್ಖಾನೆಯ ವರ್ಷ, ನಿಮ್ಮ ಹಂಚಿನದಲ್ಲ. ಅಲ್ಲದೆ ಒಳ್ಳೆಯ ಹಂಚು ಒಂದು ಮಾಡಿನಿಂದ ಇನ್ನೊಂದು ಮಾಡಿಗೆ ಹೋಗುತ್ತಲೇ ಇರುತ್ತದೆ. ಎಲ್ಲ ಮುದ್ರೆಗಳ ಫೋಟೊ ತೆಗೆದು, ಒಂದೊಂದು ಬಗೆಯದನ್ನು ಎತ್ತಿಡಿ. ಉಳಿದದ್ದನ್ನು ಹಟ್ಟಿಗೋ ಕೊಟ್ಟಿಗೆಗೋ ಬೇಕಾದವರಿಗೆ ಕೊಡಿ. ಹಳೆಯ ಹಲಗೆಯನ್ನು ಹೊಸ ಗೋಡೆಯಲ್ಲಿ ಹಾಗೆಯೇ ಕೂರಿಸಿ. 51 ರೂಪಾಯಿ ಕಳಿಸಿದವರ ಹೆಸರು ಅಳಿಸಬಾರದು. ಅದರ ಪಕ್ಕದಲ್ಲಿ, ಅಷ್ಟೇ ದೊಡ್ಡ ಇನ್ನೊಂದು ಹಲಗೆಗೆ ಜಾಗ ಬಿಡಿಸಿ.

ಹೆಸರು ಗೊತ್ತಿಲ್ಲದವರನ್ನು ಮನೆಯ ಹೆಸರಿನಿಂದ ಬರೆಯಿರಿ. ನಮ್ಮ ಕಡೆ ಪ್ರತಿ ಮನೆಗೂ ಹೆಸರಿರುತ್ತದೆ ಅಲ್ವಾ? ‘ಕೆಳಗಿನ ಮನೆಯ ದೊಡ್ಡ ಸೊಸೆ, ಕಲ್ಲು ಹೊತ್ತವರು’ ಅಂತ ಬರೆದರೂ ಸಾಕು, ಆ ಮನೆಯವರಿಗೆ ಗೊತ್ತಾಗುತ್ತದೆ. ಕೆತ್ತಿಸುವ ಮೊದಲು ಪಟ್ಟಿಯನ್ನು ಒಂದು ತಿಂಗಳು ಊರಿನ ಅಂಗಡಿಯಲ್ಲಿ ಅಂಟಿಸಿಡಿ, ಪಕ್ಕದಲ್ಲಿ ಒಂದು ಪೆನ್ನು ಕಟ್ಟಿಡಿ. ಬಿಟ್ಟುಹೋದವರನ್ನು ಜನರೇ ಬಂದು ಸೇರಿಸುತ್ತಾರೆ.